ರೊಟ್ಟಿಯ ಲಾಭ ಯಾರದು?

ತಾಂಬಾದಲ್ಲಿ ನಮ್ಮ ಓಣಿಗೆ ಬೆಳಗಾಗುವುದು ರೊಟ್ಟಿ ಬಡಿಯುವ ಸಪ್ಪಳದಿಂದ. ನಮ್ಮಿಂದ ಮೂರನೇ ಮನೆಯ ಪಡಸಾಲೆಯಲ್ಲಿ ಹನ್ನೊಂದು ಮಂದಿ ಹೆಣ್ಣುಮಕ್ಕಳು ಸಾಲಾಗಿ ಕೂತಿರುತ್ತಾರೆ. ಬಿಳಿಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುತ್ತಾರೆ. ತಿರುಗಿಸುತ್ತ ತಿರುಗಿಸುತ್ತ ಬಡಿದು ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರುತ್ತಾರೆ. ಬೆಂದದ್ದನ್ನು ಒಲೆಯ ಬದಿಗೆ ಆನಿಸಿಟ್ಟರೆ ಕಡಕ ಆಗುತ್ತದೆ. ಸಂಜೆ ಎಣಿಸಿ, ಕಟ್ಟು ಕಟ್ಟಿ, ಸೊಲ್ಲಾಪುರ, ಪುಣೆಯ ಖಾನಾವಳಿಗಳಿಗೆ ಕಳಿಸುತ್ತಾರೆ. ಇದನ್ನು ಶುರು ಮಾಡಿದಾಕೆ ವರಸೆಯಲ್ಲಿ ನನಗೆ ಅಣ್ಣನ ಮಗಳು.

ಚಳಿಗಾಲದ ಒಂದು ಸಂಜೆ ಲೆಕ್ಕದ ವಹಿ ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದಳು.

"ಕಾಕಾ, ನೀವು ಕಾಲೇಜಿನ್ಯಾಗ ಅರ್ಥಶಾಸ್ತ್ರ ಹೇಳಿದವರು. ಒಂದ್ ಮಾತ್ ಕೇಳ್ತೀನ್ರಿ. ಬಡದಾಕಿಗೆ ರೊಟ್ಟಿ ಲೆಕ್ಕದಾಗ ಕೊಡ್ತೀನಿ. ಹಿಟ್ಟು, ಕಟಗಿ, ಬಾಡಿಗಿ ಎಲ್ಲಾ ಕಳದ್ರೂ ನನಗ ಉಳೀತದ. ಅದು ನಂದ ಏನ್ರಿ? ಪುರಾಣ ಕೇಳಿ ಬಂದ ರಾತ್ರಿ ನಿದ್ದಿ ಹತ್ತವಲ್ದು."

ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ಕ್ಷಣಕ್ಕೆ ಉತ್ತರ ಬರಲಿಲ್ಲ. "ನಾಳಿಗಿ ಬಾ ಯವ್ವಾ" ಎಂದೆ. ಆ ನಾಳೆ ಬರಲು ತಿಂಗಳುಗಳೇ ಹಿಡಿದವು.

ಉದ್ಯಮಶೀಲತೆಯ ಬಗ್ಗೆ ಪಂಡಿತರು ಹೇಳಿದ್ದು ಕಡಿಮೆಯಲ್ಲ. 1911ರಲ್ಲಿ ಜೋಸೆಫ್ ಶುಂಪೀಟರ್, ಇರುವ ಸಾಮಾನನ್ನೇ ಹೊಸ ರೀತಿಯಲ್ಲಿ ಜೋಡಿಸುವವನಿಂದ ಆರ್ಥಿಕತೆ ಮುಂದಕ್ಕೆ ಹೋಗುತ್ತದೆ ಎಂದ. ಜೋಳ, ಒಲೆ, ಹೆಣ್ಣುಮಕ್ಕಳ ಕೈ ಮೂರೂ ತಾಂಬಾದಲ್ಲಿ ಮೊದಲಿನಿಂದಲೂ ಇದ್ದವು. ಅವಕ್ಕೆ ಪುಣೆಯ ತಾಟನ್ನು ಜೋಡಿಸಿದವಳು ಇವಳು. 1973ರಲ್ಲಿ ಇಸ್ರೇಲ್ ಕಿರ್ಜ್‌ನರ್, ಉಳಿದವರ ಕಣ್ಣಿಗೆ ಬೀಳದ ಅವಕಾಶವನ್ನು ಕಾಣುವವನೇ ಉದ್ಯಮಿ ಎಂದ. 1990ರಲ್ಲಿ ವಿಲಿಯಂ ಬಾಮೋಲ್ ಇನ್ನೂ ಆಳಕ್ಕಿಳಿದ: ಸಾಹಸಿಗಳು ಎಲ್ಲ ಕಾಲದಲ್ಲೂ ಇರುತ್ತಾರೆ, ಅವರ ಶಕ್ತಿ ದುಡಿಮೆಗೆ ಹರಿಯುತ್ತದೋ ದೋಚುವುದಕ್ಕೆ ಹರಿಯುತ್ತದೋ ಎಂಬುದನ್ನು ಆ ಸಮಾಜದ ಕಟ್ಟಳೆಗಳು ತೀರ್ಮಾನಿಸುತ್ತವೆ. ಇದು ನನಗೆ ಬಹಳ ಬೇಕಾದ ಮಾತು. ಆದರೆ ಇವರಾರೂ ನನ್ನ ಮಗಳಂಥವಳ ನಿದ್ದೆಗೆಟ್ಟ ರಾತ್ರಿಯ ಪ್ರಶ್ನೆಯನ್ನು ಮುಟ್ಟುವುದಿಲ್ಲ.

ಬಸವಣ್ಣ ಹುಟ್ಟಿದ ಬಾಗೇವಾಡಿ, ಮಡಿವಾಳ ಮಾಚಯ್ಯನ ದೇವರ ಹಿಪ್ಪರಗಿ ಎರಡೂ ನಮ್ಮ ಜಿಲ್ಲೆಯವೇ. ಹಾಗಾಗಿ ಕಾಯಕವೆಂಬ ಮಾತು ಇಲ್ಲಿ ಸಲೀಸಾಗಿ ಬಾಯಿಗೆ ಬರುತ್ತದೆ. ಮ್ಯಾಕ್ಸ್ ವೆಬರ್ ಪ್ರಾಟೆಸ್ಟಂಟರ ಬಗ್ಗೆ ಬರೆದದ್ದನ್ನೇ ನಮ್ಮ ಶರಣರು ಏಳು ನೂರು ವರ್ಷ ಮೊದಲು ಬದುಕಿ ತೋರಿಸಿದರೆಂದು ನಾನೂ ತರಗತಿಯಲ್ಲಿ ಹೆಮ್ಮೆಯಿಂದ ಹೇಳಿದ್ದೇನೆ. ಅದು ಅರ್ಧ ಮಾತ್ರ ಸರಿ ಎಂದು ಈಗ ಅನಿಸುತ್ತದೆ. ವೆಬರನ ಭಕ್ತ ಕಷ್ಟಪಟ್ಟು ದುಡಿದ, ಮಿತವಾಗಿ ಉಂಡ, ಉಳಿದದ್ದನ್ನು ಕೂಡಿಟ್ಟು ಮತ್ತೆ ಹೂಡಿದ. ಶರಣರು ಮೊದಲ ಎರಡನ್ನು ಒಪ್ಪಿದರು. ಕೂಡಿಡುವ ಹೊತ್ತಿಗೆ ಕೈ ಹಿಡಿದು ನಿಲ್ಲಿಸಿ, ದಾಸೋಹವೆಂದರು.

ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು. ನಮ್ಮ ಹುಡುಗಿಯ ನಿದ್ದೆ ಕೆಡಿಸಿದವಳು ಈ ಲಕ್ಕಮ್ಮನೇ.

ಹಾಗೆಂದು ಲಕ್ಕಮ್ಮನ ಮಾತನ್ನು ಇದ್ದಹಾಗೆ ಎತ್ತಿ ಈ ಪಡಸಾಲೆಗೆ ತರಲಾಗದು. ಸುಗ್ಗಿಯಲ್ಲಿ ಜೋಳ ಅಗ್ಗವಿದ್ದಾಗ ವರ್ಷಕ್ಕಾಗುವಷ್ಟು ಕೊಂಡಿಡದಿದ್ದರೆ ಶ್ರಾವಣಕ್ಕೆ ಒಲೆ ಆರುತ್ತದೆ. ಉಳಿತಾಯವಿಲ್ಲದೆ ಹನ್ನೊಂದು ಮಂದಿಗೆ ಕೆಲಸವಿಲ್ಲ. ಲಕ್ಕಮ್ಮ ತಡೆದದ್ದು ದುಡಿಮೆಯನ್ನಲ್ಲ. ಈ ಹೆಚ್ಚು ಎಲ್ಲಿಂದ ಬಂತು, ಇದು ಯಾರಿಗೆ ಸೇರಬೇಕು ಎಂದು ಆಕೆ ಕೇಳಿದಳು. ಆ ಪ್ರಶ್ನೆಯನ್ನು ಹೊತ್ತೇ ನಾನು ಫ್ರಾಂಕ್ ನೈಟ್‌ನ 1921ರ ಪುಸ್ತಕಕ್ಕೆ ಮರಳಿದೆ. ಲೆಕ್ಕಕ್ಕೆ ಸಿಗುವ ಅಪಾಯಕ್ಕೆ ವಿಮೆ ಮಾಡಿಸಬಹುದು. ಲೆಕ್ಕಕ್ಕೇ ಸಿಗದ ಅನಿಶ್ಚಿತತೆಯನ್ನು ಯಾರಾದರೂ ಹೊರಲೇಬೇಕು, ಲಾಭ ಹಾಗೆ ಹೊತ್ತವನ ಪಾಲು ಎನ್ನುತ್ತಾನೆ ನೈಟ್.

ಹೊತ್ತವರು ಯಾರು? 2020ರ ಮಾರ್ಚಿನಲ್ಲಿ ಬಸ್ಸುಗಳು ನಿಂತವು, ಖಾನಾವಳಿಗಳು ಮುಚ್ಚಿದವು. ಇವಳ ಮನೆಯಲ್ಲಿ ಜೋಳದ ಚೀಲ ಉಳಿದವು, ಸಾಲವೂ ಉಳಿಯಿತು. ಆದರೆ ಮರುದಿನದಿಂದಲೇ ಕೂಲಿ ನಿಂತದ್ದು ಹನ್ನೊಂದು ಮಂದಿಗೆ. ಅವರಲ್ಲೊಬ್ಬ ವಿಧವೆ ಆ ಬೇಸಿಗೆಯಲ್ಲಿ ಕಿವಿಯ ಬೆಂಡೋಲೆ ಮಾರಿದಳು. ಯಾವ ವಿಮೆಯೂ ಅವಳಿಗಿರಲಿಲ್ಲ. ಅನಿಶ್ಚಿತತೆ ಹೊತ್ತವರಿಗೆ ಲಾಭ ಎನ್ನುವುದು ಶಾಸ್ತ್ರವಾದರೆ, ಅದೇ ಶಾಸ್ತ್ರದ ಪ್ರಕಾರ ಬೆಂಡೋಲೆ ಮಾರಿದವಳಿಗೂ ಪಾಲು ಬರಬೇಕು. ಅದನ್ನು ಕೊಡುವುದು ಧರ್ಮ ಮಾಡಿದಂತಲ್ಲ, ಬಾಕಿ ತೀರಿಸಿದಂತೆ. ದಾಸೋಹದ ಅರ್ಥ ನನಗೆ ಆ ದಿನ ಹೊಳೆಯಿತು: ನನ್ನ ಕೈಯಲ್ಲಿದ್ದರೂ ನನ್ನದಲ್ಲದ್ದನ್ನು ಗುರುತಿಸುವುದು.

ನಮ್ಮ ವಿಜಯಪುರದಲ್ಲಿ ಇದನ್ನು ಬದುಕಿ ತೋರಿಸಿದವರು ಫ.ಗು. ಹಳಕಟ್ಟಿಯವರು. ವಕೀಲರಾಗಿದ್ದ ಅವರು 1910ರಲ್ಲಿ ಶಿಕ್ಷಣ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಕಟ್ಟಿದರು. 1925ರಲ್ಲಿ ವಚನಗಳನ್ನು ಅಚ್ಚು ಹಾಕಲೆಂದು ಹಿತಚಿಂತಕ ಮುದ್ರಣಾಲಯ ತೆರೆದರು. ಅದಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಶುಂಪೀಟರ್ ಬಣ್ಣಿಸುವ ಉದ್ಯಮಿ ಇವರೇ. ಇವರು ಕಟ್ಟಿದ ಬ್ಯಾಂಕಿನಲ್ಲಿ ಉಳಿದ ಲಾಭದ ಪಾಲು ಸದಸ್ಯರದು.

ಇಷ್ಟನ್ನೂ ಅವಳಿಗೆ ಹೇಳಿದೆ. "ಹಂಗಾರ ಎಷ್ಟ್ ಕೊಡ್ಲಿ ಕಾಕಾ?" ಎಂದಳು. "ಅದನ್ನ ನಾ ಹೇಳಬಾರ್ದು ಯವ್ವಾ. ಬಡಿಯೋರನ್ನ ಕೂಡಿಸಿ ಕೇಳು" ಎಂದೆ.

ಬಸವ ಜಯಂತಿಯ ದಿನ ಒಲೆ ಹಚ್ಚದೆ ಹನ್ನೆರಡೂ ಮಂದಿ ಅದೇ ಪಡಸಾಲೆಯಲ್ಲಿ ಕೂತರು. ಖರ್ಚು, ಸುಗ್ಗಿಯ ಜೋಳದ ಹಣ ತೆಗೆದಿಟ್ಟ ಮೇಲೆ ಉಳಿದದ್ದರಲ್ಲಿ ಅರ್ಧ ಅವಳಿಗೆ, ಕಾಲುಭಾಗ ಬಡಿದ ರೊಟ್ಟಿಯ ಲೆಕ್ಕದಂತೆ ಹನ್ನೊಂದು ಮಂದಿಗೆ, ಇನ್ನು ಕಾಲುಭಾಗ ಕೆಲಸ ನಿಂತ ದಿನಗಳಿಗೆಂದು ಬೇರೆ ಖಾತೆಗೆ ಎಂದು ತೀರ್ಮಾನಿಸಿದರು. ವಹಿಯಲ್ಲಿ ಎಲ್ಲರ ಹೆಸರು ಬರೆದರು. ಬೆಂಡೋಲೆ ಮಾರಿದಾಕೆಗೆ ಓದು ಬರುವುದಿಲ್ಲ. ತನ್ನ ಹೆಸರು ಯಾವ ಸಾಲಿನಲ್ಲಿದೆ ಎಂದು ಕೇಳಿ ತಿಳಿದು, ಅದರ ಮುಂದೆ ಹೆಬ್ಬೆಟ್ಟು ಒತ್ತಿದಳು.