ಕೈ ತೊಳೆಯುವುದು ಯಾರಿಗಾಗಿ?

ನಮ್ಮ ಕರಾವಳಿಯಲ್ಲಿ ಕೈ ತೊಳೆಯುವುದಕ್ಕೆ ದೊಡ್ಡ ಚರಿತ್ರೆಯೇ ಇದೆ. ನಮ್ಮನ್ನು ಮುಟ್ಟಿದರೆ ಮಿಂದರು. ನಾವು ಮುಟ್ಟಿದ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದರು. ನಾವು ಕೊಟ್ಟ ಚಿಲ್ಲರೆ ಕಾಸಿನ ಮೇಲೂ ನೀರು ಚಿಮುಕಿಸಿದರು. ನನ್ನಮ್ಮ ನಟ್ಟಿ ಕೆಲಸಕ್ಕೆ ಹೋದ ಮನೆಯಲ್ಲಿ ಕುಡಿಯುವ ನೀರನ್ನು ಎತ್ತರದಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಇಷ್ಟೊಂದು ನೀರು ಚೆಲ್ಲಿದ ಈ ತೊಳೆಯುವಿಕೆ ಯಾರನ್ನು ಕಾಪಾಡಿತು? ತೊಳೆದವನನ್ನು. ಯಾರಿಂದ? ನಮ್ಮಿಂದ. ಇದಕ್ಕೆ ಮಡಿ ಎಂದು ಹೆಸರಿಟ್ಟರು. ಮಡಿಯ ತತ್ವ ಒಂದೇ: ಕೊಳೆ ಇರುವುದು ಎದುರಿನವನಲ್ಲಿ, ನಾನು ಹುಟ್ಟಿನಿಂದಲೇ ಶುದ್ಧ.

ಇನ್ನೊಂದು ಬಗೆಯ ಕೈ ತೊಳೆಯುವಿಕೆಯೂ ಇದೆ. ಅದನ್ನು ನೋಡಬೇಕಾದರೆ ಆಸ್ಪತ್ರೆಯ ಐಸಿಯುಗೆ ಹೋಗಬೇಕು.

ಒಂದು ಕಡೆ ಕಡಲು, ಇನ್ನೊಂದು ಕಡೆ ಪಂಚಗಂಗಾವಳಿ, ನಡುವೆ ಉದ್ದಕ್ಕೆ ಚಾಚಿದ ಮರಳು. ಇದು ಕುಂದಾಪುರದ ಕೋಡಿ. ಇಲ್ಲಿ ನಡುರಾತ್ರಿ ಯಾರಿಗಾದರೂ ಎದೆ ಹಿಡಿದುಕೊಂಡರೆ ಮೊದಲು ಕುಂದಾಪುರಕ್ಕೆ, ಅಲ್ಲಿ ಆಗದಿದ್ದರೆ ಹೆದ್ದಾರಿ ಹಿಡಿದು ಸುಮಾರು 40 ಕಿಲೋಮೀಟರ್ ದೂರದ ಉಡುಪಿ, ಮಣಿಪಾಲಕ್ಕೆ ಓಡಬೇಕು. ಐಸಿಯು ಬಾಗಿಲು ಮುಚ್ಚಿದ ಮೇಲೆ ಹೆಂಡತಿ ಮಕ್ಕಳು ಹೊರಗಿನ ಬೆಂಚಿನಲ್ಲಿ. ಒಳಗೆ ಆ ಮೈಯನ್ನು ಮುಟ್ಟುವ ಕೈ ಯಾರದು? ಡಾಕ್ಟರು ಬರುತ್ತಾರೆ, ನೋಡುತ್ತಾರೆ, ಬರೆದು ಹೋಗುತ್ತಾರೆ. ಉಳಿದ ಹೊತ್ತೆಲ್ಲ ಇರುವುದು ನರ್ಸಿನ ಕೈ. ಮೀನು ಬುಟ್ಟಿ ಹೊತ್ತವರ, ಬೀಡಿ ಕಟ್ಟಿದವರ, ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರ ಮಕ್ಕಳ ಕೈ.

ನಮ್ಮೂರಿನ ಒಬ್ಬ ಅಕ್ಕ ಐಸಿಯು ನರ್ಸ್. ಆಕೆಯ ಹೆಸರು ಬೇಡ, ಆಸ್ಪತ್ರೆಯ ಹೆಸರೂ ಬೇಡ. ಆಕೆ ಹೇಳಿದ ಕೆಲಸದ ಪಟ್ಟಿ ಇದು. ಪಾಳಿ ಶುರುವಾದೊಡನೆ ಹಿಂದಿನ ಪಾಳಿಯವಳಿಂದ ರೋಗಿಯನ್ನು ವಹಿಸಿಕೊಳ್ಳಬೇಕು. ಯಾವ ಮದ್ದು ಎಷ್ಟು ಹೋಗುತ್ತಿದೆ, ಗಂಟೆಗೆ ಎಷ್ಟು ಮೂತ್ರ ಬಂತು, ವೆಂಟಿಲೇಟರಿನ ಅಂಕಿ ಏನು, ಬೆನ್ನಿನ ಚರ್ಮ ಎಲ್ಲಾದರೂ ಕೆಂಪಾಗಿದೆಯೇ, ಎಲ್ಲ ನೋಡಬೇಕು, ಗಂಟೆ ಗಂಟೆಗೂ ಬರೆಯಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಒತ್ತು ಬಿದ್ದಲ್ಲಿ ರಕ್ತ ಹರಿಯದೆ ಚರ್ಮ ಸತ್ತು ಹುಣ್ಣಾಗುತ್ತದೆ. ತಲೆಯ ಕಡೆ ಮಂಚವನ್ನು 30 ಡಿಗ್ರಿಯಷ್ಟು ಎತ್ತಿಟ್ಟಿರಬೇಕು, ಬಾಯಿ ಶುಚಿ ಮಾಡುತ್ತಿರಬೇಕು. ಬಾಯಿಯ ಕೊಳೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಗಂಟಲ ಕೊಳವೆಯಿಂದ ಕಫ ಎಳೆಯುವಾಗ 15 ಸೆಕೆಂಡು ಮೀರಬಾರದು. ಅಷ್ಟು ಹೊತ್ತು ಅವನಿಗೆ ಸರಿಯಾದ ಉಸಿರಿಲ್ಲ. ಮಲ ಒರೆಸಬೇಕು, ಮೈ ಒರೆಸಬೇಕು, ಸತ್ತರೆ ಹೆಣವನ್ನೂ ಒರೆಸಿ ಕಟ್ಟಬೇಕು.

ಇಷ್ಟಕ್ಕೂ ಕೈ ತೊಳೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಐದು ಹೊತ್ತುಗಳನ್ನು ಹೇಳುತ್ತದೆ. ರೋಗಿಯನ್ನು ಮುಟ್ಟುವ ಮುಂಚೆ. ಸೂಜಿ, ಕೊಳವೆಗಳ ಕೆಲಸಕ್ಕೆ ಮುಂಚೆ. ರಕ್ತ, ಕಫ, ಮಲ ತಗುಲಿರಬಹುದಾದ ಮೇಲೆ. ರೋಗಿಯನ್ನು ಮುಟ್ಟಿದ ಮೇಲೆ. ಅವನ ಸುತ್ತಲಿನ ವಸ್ತುಗಳನ್ನು ಮುಟ್ಟಿದ ಮೇಲೆ. ಗಮನಿಸಿ, ಪಟ್ಟಿಯ ಮೊದಲ ಎರಡೂ 'ಮುಂಚೆ'. ನಮ್ಮ ಮಡಿಯವರು ನಮ್ಮನ್ನು ಮುಟ್ಟುವ ಮುಂಚೆ ಎಂದಾದರೂ ಕೈ ತೊಳೆದದ್ದುಂಟೇ?

ಅಕ್ಕನನ್ನು ಕೇಳಿದೆ. ಆಕೆ ಹೇಳಿದ್ದು ಇಷ್ಟೇ: "ನನ್ನ್ ಕೈಯಂಗೆ ಎಂತ ಇತ್ತೋ ಯಾರಿಗ್ ಗೊತ್ತ್? ಅದ್ ಅವ್ರಿಗ್ ಹೋಪುಕಾಗ."

ನನ್ನ ಕೈಯಲ್ಲೇ ಕೊಳೆ ಇರಬಹುದು, ಅದು ಎದುರಿನವನಿಗೆ ಹೋಗಬಾರದು. ಸಾವಿರಾರು ವರ್ಷಗಳ ಮಡಿಯ ಶಾಸ್ತ್ರವನ್ನು ಈ ಎರಡು ಮಾತು ತಲೆಕೆಳಗು ಮಾಡುತ್ತವೆ.

ಈ ಮಾತನ್ನು ಒಪ್ಪಿಕೊಳ್ಳುವುದು ದೊಡ್ಡವರಿಗೆ ಎಲ್ಲ ಕಡೆಯೂ ಕಷ್ಟವಾಗಿದೆ. 1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಡಾಕ್ಟರರು ಮತ್ತು ವಿದ್ಯಾರ್ಥಿಗಳು ನೋಡುತ್ತಿದ್ದ ವಿಭಾಗದಲ್ಲಿ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ಸೂಲಗಿತ್ತಿಯರ ವಿಭಾಗದಲ್ಲಿ ಕಡಿಮೆ. ಡಾಕ್ಟರರು ಹೆಣ ಕೊಯ್ದು ಅದೇ ಕೈಯಲ್ಲಿ ಹೆರಿಗೆಗೆ ಬರುತ್ತಿದ್ದಾರೆ, ಸಾವು ಬರುತ್ತಿರುವುದು ಆ ಕೈಯಿಂದ ಎಂದು ಸೆಮ್ಮೆಲ್ವೈಸ್ ಎಂಬ ಡಾಕ್ಟರ್ ಕಂಡುಕೊಂಡ. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ. ಸಾವು ಇಳಿಯಿತು. ಆದರೂ ದೊಡ್ಡ ಡಾಕ್ಟರರು ಅನೇಕರು ಒಪ್ಪಲಿಲ್ಲ. ನಮ್ಮಂಥವರ ಕೈ ಕೊಳಕೇ? ಅವನು 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತ. ಅಲ್ಲಿ ಜಾತಿ ಇರಲಿಲ್ಲ. ಆದರೆ 'ನನ್ನ ಕೈ ಕೊಳಕಾಗಿರಲು ಸಾಧ್ಯವಿಲ್ಲ' ಎನ್ನುವ ಮನಸ್ಸು ನಮ್ಮ ಅಗ್ರಹಾರದ್ದೇ.

ಈಗ ನಮ್ಮ ನೆಲಕ್ಕೆ ಬರೋಣ. ಕೊರಗರ ಮೇಲೆ ಹೇರಿದ ಅಜಲು ಏನು? ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುವುದು ಅದರಲ್ಲಿ ಒಂದು. ತನ್ನ ಮನೆಯ ಕಾಯಿಲೆ, ಕಷ್ಟ ಅವರ ಮೈಗೆ ದಾಟಿ ಹೋಗಲಿ ಎಂಬ ನಂಬಿಕೆ. ಇದನ್ನು ನಿಲ್ಲಿಸಲು ಕರ್ನಾಟಕ 2000ದಲ್ಲಿ ಅಜಲು ಪದ್ಧತಿ ನಿಷೇಧ ಕಾಯ್ದೆಯನ್ನೇ ತರಬೇಕಾಯಿತು. ಒಂದೇ ಜಿಲ್ಲೆಯಲ್ಲಿ ಎರಡು ನೀತಿಗಳು ಬದುಕಿವೆ. ನನ್ನ ರೋಗ ನಿನಗೆ ಹೋಗಲಿ ಎನ್ನುವುದು ಒಂದು. ನನ್ನಿಂದ ನಿನಗೆ ರೋಗ ಬರದಿರಲಿ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಧರ್ಮ ಎಂದರು. ಎರಡನೆಯದಕ್ಕೆ ಡ್ಯೂಟಿ ಎನ್ನುತ್ತಾರೆ.

ಗೆಳೆಯರೊಬ್ಬರು ಕೇಳಿದರು: "ಅವರು ಮುಟ್ಟುವುದು ಸಂಬಳಕ್ಕೆ ಅಲ್ಲವಾ? ಅದರಲ್ಲಿ ನೀತಿ ಎಲ್ಲಿ ಬಂತು?" ಸಂಬಳಕ್ಕೇ ಹೌದು. ಅದೇ ಅದರ ಘನತೆ. ಪ್ರೀತಿ ಹುಟ್ಟಿದರೆ ಮುಟ್ಟುತ್ತೇನೆ ಎನ್ನುವವನನ್ನು ನಂಬಿ ನಾವು ಎಷ್ಟು ತಲೆಮಾರು ಕಾಯಬೇಕು? ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು ಎಂಬ ನಿಯಮ ರೋಗಿಯ ಜಾತಿ ಕೇಳುವುದಿಲ್ಲ, ಅವನು ಒಳ್ಳೆಯವನೇ ಎಂದೂ ಕೇಳುವುದಿಲ್ಲ. ಜಮೀನ್ದಾರನ ಬೆನ್ನಿಗೂ ಎರಡು ಗಂಟೆ, ಕೂಲಿಯವನ ಬೆನ್ನಿಗೂ ಎರಡು ಗಂಟೆ. ನರ್ಸ್ ಓದಿ ಈ ಕೆಲಸಕ್ಕೆ ಬಂದವಳು, ಬೇಡವೆಂದರೆ ಬಿಟ್ಟು ಹೋಗಬಲ್ಲಳು. ಅಜಲಿನಲ್ಲಿ ಆ ಬಾಗಿಲೇ ಇರಲಿಲ್ಲ.

ಪ್ರಜ್ಞೆ ಅಳೆಯಲು ಐಸಿಯುನಲ್ಲಿ ಗ್ಲಾಸ್ಗೋ ಮಾಪನವಿದೆ. 1974ರಲ್ಲಿ ಬಂದದ್ದು. ಕಣ್ಣು, ಮಾತು, ಕೈಕಾಲಿನ ಅಲುಗಾಟ ನೋಡಿ ಅಂಕ ಕೊಡುತ್ತಾರೆ. ಹೆಚ್ಚೆಂದರೆ 15. ಏನೂ ಅಲುಗದೆ, ಏನೂ ಕೇಳಿಸದಂತೆ ಬಿದ್ದವನಿಗೂ 3 ಇದೆ. ಆ ಮಾಪನದಲ್ಲಿ ಸೊನ್ನೆ ಇಲ್ಲ. ಅಂಥ 3 ಅಂಕದ ಮುದುಕನ ಹತ್ತಿರ ಹೋಗಿ ಅಕ್ಕ ಹೇಳುತ್ತಾಳಂತೆ: "ಅಜ್ಜಾ, ಈಗ ಎಡಕ್ಕೆ ತಿರ್ಗ್ಸ್ತೆ, ಹೆದ್ರ್ಬೇಡಿ." ಅವರಿಗೆ ಕೇಳುತ್ತದಾ ಎಂದೆ. "ಕೇಂತೋ ಇಲ್ಯೋ ಗೊತ್ತಿಲ್ಲೆ. ಕೇಂತ್ ಅಂದ್ಕಂಡೇ ಮಾಡೂದ್." ಕಣ್ಣು ಬಿಟ್ಟು ಎದುರಿಗೆ ನಿಂತ ನಮ್ಮ ಹಿರಿಯರನ್ನು ಹೆಸರು ಹಿಡಿದು ಕೂಗದ ಊರು ಇದು. ಉತ್ತರ ಕೊಡಲಾರದವನಿಗೂ ಬಹುವಚನ ಹಚ್ಚಿ, ಮುಟ್ಟುವ ಮುಂಚೆ ಹೇಳಿ ಮುಟ್ಟುವುದನ್ನು ಯಾವ ಶಾಸ್ತ್ರ ಕಲಿಸಿತ್ತು?

ಆದರೆ ಆ ಮಂಚದಲ್ಲಿ ಮಲಗಿ ಎದ್ದವರೆಲ್ಲ ಬದಲಾಗುತ್ತಾರೆ ಎಂದು ನಂಬಬೇಡಿ. ಬಾಯಿಯ ಕೊಳವೆ ತೆಗೆದ ಮೇಲೆ ಮೊದಲು ನೀರು ಕೇಳುತ್ತಾರೆ. ಎರಡು ದಿನ ಕಳೆದು ಗಟ್ಟಿಯಾದ ಮೇಲೆ ಕೆಲವರು ಕೇಳುತ್ತಾರೆ: "ನೀನ್ ಯಾರ್ ಪೈಕಿ ಹೆಣ್ಣೇ?" ಪ್ರಶ್ನೆ ಸ್ಪಷ್ಟವಾಗಿದ್ದರೆ ಗ್ಲಾಸ್ಗೋದಲ್ಲಿ ಮಾತಿಗೆ ಐದಕ್ಕೆ ಐದು ಅಂಕ!

ಇನ್ನು ಹೊಗಳಿಕೆಯ ಮೋಸ. ನರ್ಸನ್ನು ದೇವತೆ ಎನ್ನುತ್ತಾರೆ, ಕೆಲಸವನ್ನು ಸೇವೆ ಎನ್ನುತ್ತಾರೆ. ದೇವತೆಗೆ ಸಂಬಳ ಯಾಕೆ, ರಜೆ ಯಾಕೆ? ಜಾಡಮಾಲಿಗಳ ಕೆಲಸಕ್ಕೂ ಹೀಗೆಯೇ ಪುಣ್ಯದ ಬಣ್ಣ ಬಳಿದದ್ದು ನಮಗೆ ಗೊತ್ತಿದೆ. ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಎನ್ನುವುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಅಕ್ಕ ಕೆಲವು ರಾತ್ರಿ ಮೂವರನ್ನು ನೋಡುತ್ತಾಳೆ. ಮೂವರ ನಡುವೆ ಓಡುವವಳು ಐದು ಹೊತ್ತೂ ಕೈ ತೊಳೆಯುವುದು ಹೇಗೆ? ಆಗ ತಪ್ಪುವುದು ಆಕೆಯ ನೀತಿಯಲ್ಲ, ಮಾಲೀಕನ ಲೆಕ್ಕ. 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ನೇಮಿಸಿದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳು ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯವೂ ತಿಂಗಳಿಗೆ 20,000 ರೂಪಾಯಿಗೆ ಇಳಿಯಬಾರದು ಎಂದಿತು. ಕೇರಳದಲ್ಲಿ ನರ್ಸುಗಳು ಬೀದಿಗಿಳಿದ ಮೇಲೆ 2018ರಲ್ಲಿ ಸರ್ಕಾರ 20,000ದ ಕನಿಷ್ಠ ವೇತನ ಗೊತ್ತುಮಾಡಿತು. ಆ ಅಂಕಿ ಹಿಡಿದು ನಿಮ್ಮೂರಿನ ನರ್ಸನ್ನು ಕೇಳಿ ನೋಡಿ.

ಇದೇ ಕರಾವಳಿಯ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆದವಳು ಅರುಣಾ ಶಾನಭಾಗ. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕಸಗುಡಿಸುವ ನೌಕರ ಆಕೆಯ ಕುತ್ತಿಗೆಗೆ ಸರಪಳಿ ಬಿಗಿದು ಲೈಂಗಿಕ ಹಲ್ಲೆ ಮಾಡಿದ. ದುಡಿಯುವವನೊಬ್ಬ ದುಡಿಯುವವಳ ಮೇಲೆ ಮಾಡಿದ ಕ್ರೌರ್ಯ ಇದು; ನಮ್ಮ ಪತ್ರಿಕೆಗಳು ಮುಚ್ಚಿಡಬಾರದು. ಆಕೆ ಮತ್ತೆ ಏಳಲಿಲ್ಲ. 2015ರ ಮೇ 18ರಂದು ನ್ಯುಮೋನಿಯಾದಿಂದ ಸಾಯುವ ತನಕ, 41 ವರ್ಷಕ್ಕೂ ಹೆಚ್ಚು ಕಾಲ, ಅಲ್ಲಿನ ನರ್ಸುಗಳು ಆಕೆಗೆ ತಿನ್ನಿಸಿದರು, ತೊಳೆದರು, ಮಗ್ಗುಲು ಬದಲಿಸಿದರು. ಆಕೆಯನ್ನು ಅಲ್ಲಿಂದ ಸಾಗಿಸಲು ಹೊರಟಾಗ ಪ್ರತಿಭಟಿಸಿ ತಡೆದರು. 2011ರ ದಯಾಮರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆಕೆಯ ಪರವಾಗಿ ಮಾತಾಡುವ ಹಕ್ಕು ಆ ಆಸ್ಪತ್ರೆಯ ಸಿಬ್ಬಂದಿಗೇ ಸೇರಿದ್ದು ಎಂದಿತು. ನೆಂಟಸ್ತಿಕೆ ರಕ್ತದಿಂದ ಬರುವುದಲ್ಲ, ಮುಟ್ಟಿ ನೋಡಿಕೊಂಡದ್ದರಿಂದ ಬರುವುದು ಎಂದು ಒಂದು ಕೋರ್ಟಾದರೂ ಒಪ್ಪಿತು.

2020ರ ಮಾರ್ಚ್ 22ರಂದು ದೇಶವೆಲ್ಲ ಇವರಿಗಾಗಿ ಚಪ್ಪಾಳೆ ತಟ್ಟಿತು. ಆಮೇಲೆ ಎಷ್ಟೋ ಊರುಗಳಲ್ಲಿ ನರ್ಸುಗಳಿಗೆ ಬಾಡಿಗೆ ಮನೆ ಬಿಡಿ ಎಂದರು. ಅವರ ಮೇಲಿನ ಹಲ್ಲೆ ತಡೆಯಲು ಏಪ್ರಿಲ್ 22ಕ್ಕೆ ಸುಗ್ರೀವಾಜ್ಞೆ ಬೇಕಾಯಿತು. ರೋಗ ತಡೆಯುವುದಕ್ಕೆ ಇಟ್ಟ ಹೆಸರು 'ಸಾಮಾಜಿಕ ಅಂತರ'. ಆ ಎರಡು ಪದ ನಮಗೆ ಹೊಸದಾಗಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನರ್ಸನ್ನು ಹೊಗಳಿ ಕೈ ತೊಳೆದುಕೊಂಡಂತಾಗುತ್ತದೆ. 2016ರ ಜೈವಿಕ ತ್ಯಾಜ್ಯ ನಿಯಮದ ಪ್ರಕಾರ ರಕ್ತದ ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ, ಕೊಳವೆಗಳು ಕೆಂಪು ಚೀಲಕ್ಕೆ, ಸೂಜಿ ಚುಚ್ಚದ ಬಿಳಿ ಡಬ್ಬಿಗೆ ಹೋಗಬೇಕು. ಆ ಚೀಲ ಹೊರುವ ಕೈ ಯಾರದು? ಗುತ್ತಿಗೆಯ ಹೆಂಗಸಿನದು, ಬಹಳ ಕಡೆ ನಮ್ಮವಳದು. ಆಕೆ ನಿಮ್ಮ ಜತೆ ಕೂತು ಉಣ್ಣುತ್ತಾಳಾ ಎಂದು ಅಕ್ಕನನ್ನು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಇಲ್ಲೆ. ಅವ್ಳ್ ಮೆಟ್ಲ್ ಬುಡದಂಗೆ ಕೂಕಂಡ್ ಉಂತ್ಲ್. ಯಾರೂ ಬೇಡ ಅಂದದ್ದಿಲ್ಲೆ. ಬಾ ಅಂದದ್ದೂ ಇಲ್ಲೆ."

ಜಾತಿ ಈಗ ಹೀಗೆ ಬದುಕಿದೆ. ಯಾರೂ ಬೇಡ ಎನ್ನುವುದಿಲ್ಲ, ಯಾರೂ ಬಾ ಎನ್ನುವುದಿಲ್ಲ. ಒಬ್ಬ ರೋಗಿಗೆ ಒಬ್ಬ ನರ್ಸ್ ಬೇಕು, ನ್ಯಾಯದ ಸಂಬಳ ಬೇಕು, ಚೀಲ ಹೊರುವವಳಿಗೂ ಗಟ್ಟಿ ಗ್ಲೌಸು ಬೇಕು. ಇವನ್ನು ಸರ್ಕಾರದಿಂದ, ಮಾಲೀಕರಿಂದ ಹೋರಾಡಿ ಪಡೆಯಬೇಕು. ಆದರೆ ಊಟದ ಕೋಣೆಯಿಂದ ಮೆಟ್ಟಿಲ ಬುಡಕ್ಕೆ ಹತ್ತು ಹೆಜ್ಜೆ. ಅಷ್ಟು ನಡೆದು ಬಾ ಎಂದು ಕರೆಯಲು ಯಾವ ಆದೇಶವೂ ಬೇಕಿಲ್ಲ. ನನ್ನ ಕೈಯಲ್ಲಿ ಎಂಥದು ಇದೆಯೋ ಎಂದು ದಿನಕ್ಕೆ ನೂರು ಸಲ ಕೇಳಿಕೊಳ್ಳುವವರು ಊಟದ ಹೊತ್ತಿಗೆ ಇನ್ನೊಂದು ಸಲ ಕೇಳಿಕೊಳ್ಳಲಿ. ನಾವೂ ಕೇಳಿಕೊಳ್ಳೋಣ.