ಎರಡನೆಯ ಔಷಧ ಮತ್ತು ರೋಗಿಯ ಹಕ್ಕು

ದೇವದುರ್ಗದ ಒಂದು ಮನೆಯನ್ನು ಊಹಿಸಿಕೊಳ್ಳಿರಿ. ತಂದೆಗೆ ಪಿತ್ತನಾಳದ ಕ್ಯಾನ್ಸರ್. ಅಪರೂಪದ ರೋಗ, ಈಗಾಗಲೇ ಹರಡಿದೆ. ಮೊದಲ ಕಿಮೋಥೆರಪಿ ಫಲಿಸಲಿಲ್ಲ. ಮಾನ್ವಿಯ ಹೊಲ ಮಾರಿಯಾದರೂ ಎರಡನೆಯ ಔಷಧ ಕೊಡಿಸೋಣವೆಂದು ಹಿರಿಯ ಮಗ. ಅಬ್ಬಾಗೆ ಇನ್ನು ಯಾತನೆ ಬೇಡವೆಂದು ಕಿರಿಯವನು. ತಂದೆಗೆ ಮಾತ್ರ ಯಾರೂ ಏನೂ ಹೇಳಿಲ್ಲ!

ಆ ಔಷಧದಿಂದ ಸಿಗುವುದೆಷ್ಟು? ಪಿತ್ತನಾಳ, ಪಿತ್ತಕೋಶಗಳ ಕ್ಯಾನ್ಸರಿನ 162 ರೋಗಿಗಳ ಬ್ರಿಟನ್ನಿನ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ನೋವು ಶಮನದ ಆರೈಕೆಯನ್ನಷ್ಟೇ ಪಡೆದವರಲ್ಲಿ ನೂರಕ್ಕೆ ಸುಮಾರು 11 ಮಂದಿ ವರ್ಷದ ಬಳಿಕ ಬದುಕಿದ್ದರು. ಫಾಲ್‌ಫಾಕ್ಸ್ ಕಿಮೋಥೆರಪಿಯನ್ನೂ ಪಡೆದವರಲ್ಲಿ ಸುಮಾರು 26. ಆದರೆ ಅರ್ಧದಷ್ಟು ಮಂದಿ ಬದುಕಿದ್ದ ಅವಧಿಯು 5.3ರಿಂದ 6.2 ತಿಂಗಳಿಗಷ್ಟೇ ಏರಿತ್ತು. ಪ್ರತಿಯಾಗಿ ಎರಡು ವಾರಕ್ಕೊಮ್ಮೆ ಆಸ್ಪತ್ರೆ, ದಣಿವು, ಕೈಕಾಲುಗಳ ಜೋಮು, ಸೋಂಕಿನ ಭಯ. ಇರಿನೋಟೆಕಾನ್ ಕೂಡಿದ ಇನ್ನೊಂದು ದಾರಿಯಲ್ಲಿ ಜೋಮಿಗಿಂತ ಭೇದಿಯ ಕಾಟ ಹೆಚ್ಚು. ರಾಯಚೂರಿನಿಂದ ರಾತ್ರಿ ರೈಲಿನಲ್ಲಿ ಬೆಂಗಳೂರಿನ ಕಿದ್ವಾಯಿಗೆ ಹೋಗುವುದಾದರೆ ಆ ಆಯಾಸ ಬೇರೆ.

ರೋಗಕ್ಕೆ ಮದ್ದು ಮಾಡಿಸಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆದ್ದರಿಂದ ಚಿಕಿತ್ಸೆಯು ತವಕ್ಕುಲ್‌ಗೆ ವಿರುದ್ಧವಲ್ಲ. ಹಾಗೆಯೇ, ಗುಣಪಡಿಸಲಾರದ ಔಷಧವನ್ನು ಬೇಡವೆನ್ನುವುದು ದೇವಕರುಣೆಯ ಬಗ್ಗೆ ನಿರಾಶೆಯೂ ಅಲ್ಲ. ನೋವು ಶಮನವೂ ಚಿಕಿತ್ಸೆಯೇ.

ಹಾಗಾದರೆ ತೀರ್ಮಾನ ಯಾರದು? ದೇಹ ತಂದೆಯದು, ಹೊಲವೂ ತಂದೆಯದು. ಸತ್ಯ ಮುಚ್ಚಿಡುವುದು ಪ್ರೀತಿಯಂತೆ ಕಾಣುತ್ತದೆ. ಆದರೆ ಸಾಲ ತೀರಿಸಲು, ವಸಿಯ್ಯತ್ ಬರೆಸಲು, ನೋಯಿಸಿದವರಲ್ಲಿ ಕ್ಷಮೆ ಕೇಳಲು ಉಳಿದಿರುವ ದಿನಗಳನ್ನೇ ಅದು ಕಸಿದುಕೊಳ್ಳುತ್ತದೆ. ನಿಮ್ಮ ಮನೆಯಲ್ಲಿ ಇಂತಹ ದಿನ ಬಂದರೆ, ರೋಗಿಯ ಬಳಿ ಕುಳಿತು ಮೃದುವಾಗಿ ತಿಳಿಸಿರಿ, ಅವರ ಇಚ್ಛೆಯನ್ನು ಕೇಳಿರಿ. ಆಯುಷ್ಯವು ಅಲ್ಲಾಹನ ಕೈಯಲ್ಲಿದೆ. ಕೇಳುವ ಹೊಣೆ ಮಕ್ಕಳದು.