ಒಂದೇ ಗುರುತಿನ ಮೇಲೆ ನಿಂತ ರಾಷ್ಟ್ರ: ದ್ವಿರಾಷ್ಟ್ರ ಸಿದ್ಧಾಂತದ ಪರಿಚಯ

1940ರ ಮಾರ್ಚ್‌ನಲ್ಲಿ ಲಾಹೋರಿನ ಮುಸ್ಲಿಂ ಲೀಗ್ ಅಧಿವೇಶನದಲ್ಲಿ ಮಹಮ್ಮದ್ ಅಲಿ ಜಿನ್ನಾ ಒಂದು ವಾದವನ್ನು ಮುಂದಿಟ್ಟರು. ಹಿಂದೂಗಳೂ ಮುಸ್ಲಿಮರೂ ಎರಡು ಬೇರೆ ರಾಷ್ಟ್ರಗಳು. ಅವರ ಧರ್ಮ, ಸಾಹಿತ್ಯ, ನಡೆನುಡಿ ಬೇರೆ. ಒಬ್ಬರ ವೀರ ಇನ್ನೊಬ್ಬರಿಗೆ ವೈರಿ. ಇದೇ ದ್ವಿರಾಷ್ಟ್ರ ಸಿದ್ಧಾಂತ. ಏಳೇ ವರ್ಷಗಳಲ್ಲಿ ಅದು ಭೂಪಟದ ಮೇಲಿನ ಗಡಿಯಾಯಿತು. ಇದನ್ನು ಬರೀ ದ್ವೇಷದ ಮಾತೆಂದು ತಳ್ಳಿಹಾಕಿದರೆ ಅದರ ಬಲವೂ ತಿಳಿಯದು, ದೋಷವೂ ತಿಳಿಯದು.

ಸಿದ್ಧಾಂತದ ಬುಡದಲ್ಲಿ ಎರಡು ನಂಬಿಕೆಗಳಿವೆ. ಮನುಷ್ಯನ ಹಲವು ಗುರುತುಗಳಲ್ಲಿ ಧರ್ಮವೇ ಮೊದಲನೆಯದು. ಅವನು ಯಾರೊಡನೆ ಕೂಡಿ ರಾಜ್ಯ ಕಟ್ಟಬೇಕೆಂಬುದನ್ನು ಅದೇ ತೀರ್ಮಾನಿಸುತ್ತದೆ ಎಂಬುದು ಒಂದು. ಪ್ರತಿ ರಾಷ್ಟ್ರಕ್ಕೂ ತನ್ನದೇ ನೆಲ, ತನ್ನದೇ ಸರ್ಕಾರ ಬೇಕು ಎಂಬುದು ಇನ್ನೊಂದು. ಎರಡನೆಯದು ಹತ್ತೊಂಬತ್ತನೆಯ ಶತಮಾನದ ಯೂರೋಪಿನಿಂದ ಬಂದ ವಿಚಾರ. ಮೊದಲನೆಯದನ್ನು ಹಿಡಿದಿದ್ದು ಲೀಗ್ ಒಂದೇ ಅಲ್ಲ. 1937ರಲ್ಲಿ ಅಹಮದಾಬಾದಿನ ಹಿಂದೂ ಮಹಾಸಭೆಯ ಅಧ್ಯಕ್ಷ ಭಾಷಣದಲ್ಲಿ ಸಾವರ್ಕರ್ ಕೂಡ ಭಾರತದಲ್ಲಿ ಎರಡು ರಾಷ್ಟ್ರಗಳಿವೆ ಎಂದಿದ್ದರು, ದೇಶ ಒಡೆಯುವುದನ್ನು ಅವರು ಒಪ್ಪದಿದ್ದರೂ.

ಶತಮಾನಗಳ ಕಾಲ ಜಗಳವಾಡಿಯೂ ಜೊತೆಗೇ ಬಾಳಿದವರ ನಡುವೆ ಈ ವಿಚಾರ ಆಗಲೇ ಏಕೆ ಬೇರೂರಿತು? ಅರಸರ ಕಾಲದಲ್ಲಿ ಪ್ರಜೆಗಳ ಸಂಖ್ಯೆಯಿಂದ ಅಧಿಕಾರ ಬರುತ್ತಿರಲಿಲ್ಲ. ಬ್ರಿಟಿಷರು ಜನಗಣತಿಯಲ್ಲಿ ಜನರನ್ನು ಧರ್ಮವಾರು ಎಣಿಸಿದರು. ಬಳಿಕ ಚುನಾವಣೆ ಬಂತು. ಸಂಖ್ಯೆಯೇ ಬಲವಾದಾಗ, ಜನಸಂಖ್ಯೆಯ ಕಾಲು ಭಾಗದಷ್ಟಿದ್ದ ಮುಸ್ಲಿಮರಿಗೆ ತಾವು ಎಂದೆಂದಿಗೂ ಅಲ್ಪಸಂಖ್ಯಾತರು ಎಂಬ ಭಯ ಹುಟ್ಟಿತು. ಆ ಭಯಕ್ಕೆ ಆಧಾರವಿತ್ತು. ಆದರೆ ಅದಕ್ಕೆ ಪರಿಹಾರವೆಂದು 1909ರ ಕಾಯ್ದೆ ಕೊಟ್ಟ ಪ್ರತ್ಯೇಕ ಮತಕ್ಷೇತ್ರಗಳಲ್ಲಿ ಮುಸ್ಲಿಂ ಅಭ್ಯರ್ಥಿಯನ್ನು ಮುಸ್ಲಿಂ ಮತದಾರರೇ ಆರಿಸಬೇಕಿತ್ತು. ನೆರೆಮನೆಯವರ ಮತ ಬೇಡವೆಂದಾದ ಮೇಲೆ ಅವರ ಮನಸ್ಸು ಗೆಲ್ಲುವ ಅಗತ್ಯವೂ ರಾಜಕಾರಣಿಗೆ ಉಳಿಯಲಿಲ್ಲ. ಆದರೂ 1916ರ ಲಖನೌ ಒಪ್ಪಂದದಲ್ಲಿ ಕಾಂಗ್ರೆಸ್ಸನ್ನೂ ಲೀಗನ್ನೂ ಬೆಸೆಯಲು ಜಿನ್ನಾ ತಾವೇ ದುಡಿದಿದ್ದರು. 1937ರ ಚುನಾವಣೆಯ ನಂತರ ಸಂಯುಕ್ತ ಪ್ರಾಂತದಲ್ಲಿ ಕಾಂಗ್ರೆಸ್ ಲೀಗನ್ನು ಬಿಟ್ಟು ಮಂತ್ರಿಮಂಡಲ ರಚಿಸಿದಾಗ ಬಿರುಕು ಅಗಲವಾಯಿತು. 1946ರಲ್ಲಿ ಕಲ್ಕತ್ತ, ನೌಖಾಲಿ, ಬಿಹಾರಗಳಲ್ಲಿ ಕೋಮುಗಲಭೆಯ ರಕ್ತ ಹರಿದ ಮೇಲೆ ಕೂಡಿ ಬಾಳುವ ವಾದಕ್ಕೆ ಕಿವಿಗೊಡುವವರೇ ಕಡಿಮೆಯಾದರು.

ಆದರೂ ಎದುರು ವಾದ ಗಟ್ಟಿಯಾಗಿಯೇ ಇತ್ತು. ದೇವಬಂದದ ವಿದ್ವಾಂಸ ಹುಸೇನ್ ಅಹಮದ್ ಮದನಿ ಇಸ್ಲಾಮಿನ ಒಳಗಿಂದಲೇ ಸಂಯುಕ್ತ ರಾಷ್ಟ್ರೀಯತೆಯನ್ನು ಸಮರ್ಥಿಸಿದರು: ಒಂದೇ ನೆಲದವರು ಧರ್ಮ ಬೇರೆಯಾದರೂ ಒಂದೇ ರಾಷ್ಟ್ರವಾಗಬಲ್ಲರು. ಲಾಹೋರ್ ಅಧಿವೇಶನ ನಡೆದ ವಾರವೇ ರಾಮಗಢದ ಕಾಂಗ್ರೆಸ್ ಅಧಿವೇಶನದಲ್ಲಿ ಮೌಲಾನಾ ಆಜಾದರು, ತಾನು ಮುಸ್ಲಿಮನೆಂಬ ಹೆಮ್ಮೆಯೂ ಭಾರತೀಯನೆಂಬ ಹೆಮ್ಮೆಯೂ ತನ್ನಲ್ಲಿ ಒಟ್ಟಿಗೇ ಇವೆ ಎಂದರು. ಅಂಬೇಡ್ಕರ್ ಇನ್ನೊಂದು ದಿಕ್ಕಿನಿಂದ ನೋಡಿದರು. ಹೋಲಿಕೆಗಳ ಪಟ್ಟಿಯಿಂದ ರಾಷ್ಟ್ರ ಆಗುವುದಿಲ್ಲ, ಕೂಡಿ ಬಾಳುವ ಇಚ್ಛೆ ಬೇಕು. ಅದು ಇಲ್ಲವಾದರೆ ಬೇರ್ಪಡುವ ಪ್ರಶ್ನೆಯನ್ನು ನೇರವಾಗಿ ಎದುರಿಸಬೇಕು ಎಂಬುದು ಅವರ ನಿಲುವು.

ಸಿದ್ಧಾಂತದ ಒಳಬಿರುಕು ಗಡಿ ಎಳೆಯುವ ಹೊತ್ತಿಗೆ ಬಯಲಾಯಿತು. ಪಂಜಾಬು, ಬಂಗಾಳಗಳನ್ನು ಇಡಿಯಾಗಿ ಪಾಕಿಸ್ತಾನಕ್ಕೆ ಕೊಡಬೇಕೆಂದು ಜಿನ್ನಾ ಕೇಳಿದರು. ಮುಸ್ಲಿಮರು ಹಿಂದೂ ಬಹುಮತದಡಿ ಇರಲಾರರು ಎನ್ನುವುದಾದರೆ, ಅಲ್ಲಿನ ಹಿಂದೂಗಳೂ ಸಿಖ್ಖರೂ ಮುಸ್ಲಿಂ ಬಹುಮತದಡಿ ಏಕಿರಬೇಕು ಎಂದು ಎದುರಾಳಿಗಳು ಅದೇ ತರ್ಕವನ್ನು ತಿರುಗಿಸಿದರು. ಆಗ ಪಂಜಾಬಿಗಳಿಗೂ ಬಂಗಾಳಿಗಳಿಗೂ ಧರ್ಮ ಮೀರಿದ ಒಂದು ಬಾಳಿದೆ ಎಂಬ ವಾದವನ್ನು ಜಿನ್ನಾ ಎತ್ತಬೇಕಾಯಿತು! ಧರ್ಮವೇ ಮೊದಲ ಗುರುತು ಎಂದವರಿಗೂ ಭಾಷೆ, ನೆಲ, ಚರಿತ್ರೆಗಳ ನೆರವು ಬೇಕಾಯಿತು. ಆದರೂ ಎರಡೂ ಪ್ರಾಂತಗಳು ಸೀಳಿಹೋದವು. ಗಡಿ ಆಯೋಗಗಳ ಅಧ್ಯಕ್ಷ ರ‍್ಯಾಡ್‌ಕ್ಲಿಫ್ ಎಳೆದ ಗೆರೆ 1947ರ ಆಗಸ್ಟ್ 17ರಂದು, ಸ್ವಾತಂತ್ರ್ಯ ಬಂದ ಮೇಲೆ ಪ್ರಕಟವಾಯಿತು. ಕೋಟಿಗೂ ಮಿಕ್ಕಿ ಜನ ನೆಲೆ ತಪ್ಪಿದರು, ಲಕ್ಷಗಟ್ಟಲೆ ಜನ ಸತ್ತರು.

ಗಡಿ ಬಂದರೂ ಅಲ್ಪಸಂಖ್ಯಾತರ ಪ್ರಶ್ನೆ ತೀರಲಿಲ್ಲ. ಎರಡೂ ಕಡೆ ಅಲ್ಪಸಂಖ್ಯಾತರು ಉಳಿದರು. ಮೈಸೂರಿನ ಎಂ.ಎಸ್. ಸತ್ಯು ನಿರ್ದೇಶಿಸಿದ ‘ಗರಂ ಹವಾ’ ಚಿತ್ರದ ಸಲೀಂ ಮಿರ್ಜಾ ಅಂಥವನೊಬ್ಬ. ಅವನು ಆಗ್ರಾದಲ್ಲಿ ಪಾದರಕ್ಷೆಯ ಕಾರ್ಖಾನೆ ನಡೆಸುತ್ತಾನೆ. ಅವನ ನೆಂಟರು ಒಬ್ಬೊಬ್ಬರಾಗಿ ಪಾಕಿಸ್ತಾನಕ್ಕೆ ಹೊರಡುತ್ತಾರೆ. ಅವನ ಮನಸ್ಸು ಊರು ಬಿಡಲು ಒಪ್ಪದು. ಧರ್ಮ, ದುಡಿಮೆ, ಮನೆ, ತಾಯಿ ಎಲ್ಲವೂ ಅವನಿಗೆ ಒಂದೇ ಬಾಳು. ಇತ್ತ ಪೂರ್ವ ಪಾಕಿಸ್ತಾನದಲ್ಲಿ, ಉರ್ದುವೊಂದೇ ರಾಷ್ಟ್ರಭಾಷೆ ಎಂಬ ನಿಲುವಿನ ವಿರುದ್ಧ ಸಿಡಿದ ಬಂಗಾಳಿ ವಿದ್ಯಾರ್ಥಿಗಳು 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಗುಂಡಿಗೆ ಬಲಿಯಾದರು. 1971ರಲ್ಲಿ ಅದೇ ಪೂರ್ವ ಭಾಗ ಬೇರೆಯಾಗಿ ಬಾಂಗ್ಲಾದೇಶ ಹುಟ್ಟಿತು. ಒಂದೇ ಧರ್ಮ ಒಂದು ರಾಷ್ಟ್ರವನ್ನು ಹಿಡಿದಿಡಲು ಸಾಲದಾಯಿತು.

ಅಲ್ಪಸಂಖ್ಯಾತರ ಭಯ ನಿಜ. ಅದಕ್ಕೆ ಕೊಟ್ಟ ಉತ್ತರ ತಪ್ಪು. ಎಲ್ಲಿ ಗೆರೆ ಎಳೆದರೂ ಅದರೊಳಗೆ ಸಂಖ್ಯೆಯಲ್ಲಿ ಕಡಿಮೆ ಇರುವವರು ಇದ್ದೇ ಇರುತ್ತಾರೆ. ಬಹುಮತ ಬದಲಾದರೂ ಕಸಿಯಲಾಗದ ಹಕ್ಕುಗಳನ್ನು ಅವರಿಗೆ ಖಾತ್ರಿಪಡಿಸುವುದೇ ಆ ಭಯಕ್ಕೆ ಮದ್ದು. ಧರ್ಮದ ಬದಲು ಭಾಷೆಯನ್ನೋ ಜಾತಿಯನ್ನೋ ಏಕೈಕ ಗುರುತಾಗಿ ಮಾಡಿದರೂ ತರ್ಕ ಅದೇ, ಅಪಾಯವೂ ಅದೇ. ಆದ್ದರಿಂದ ಪ್ರಜೆಯನ್ನು ಪ್ರಜೆಯಾಗಿಯೇ ಕಾಣುವ ಸಂವಿಧಾನವನ್ನು ಕಾಪಾಡುವುದು ವಿಭಜನೆಯಿಂದ ನಾವು ಕಲಿಯಬೇಕಾದ ಮೊದಲ ಪಾಠ.